ಟಮಗಾಚಿಯೋ ಡಿಜಿಮಾನೋ? ಜಪಾನಿನದೋ ಇಂಗ್ಲಿಷಿನದೋ? ಕೊಳ್ಳುವ ಮುಂಚೆ ನೋಡಬೇಕಾದ್ದು

ಅಂಗೈಯಲ್ಲಿ ಹಿಡಿದು ಸಾಕುವ ಈ ಎಲೆಕ್ಟ್ರಾನಿಕ್ ಪ್ರಾಣಿಗಳನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ಬಣ್ಣ. ಆಮೇಲೆ ಬೆಲೆ. ಡಬ್ಬದ ಮೇಲೆ "ಇಷ್ಟು ಪಾತ್ರ, ಇಷ್ಟು ಆಟ" ಎಂದು ಬರೆದಿರುವುದು ಮೂರನೆಯದು. ನನ್ನನ್ನು ಕೇಳಿದರೆ ಈ ಸಾಲೇ ತಲೆಕೆಳಗು. ಮೊದಲು ನೋಡಬೇಕಾದ್ದು ಅದನ್ನು ಯಾವ ದೇಶದವರಿಗಾಗಿ ಮಾಡಿದ್ದಾರೆ ಅನ್ನುವುದು. ಎರಡನೆಯದು, ಡಬ್ಬದ ಮೇಲೆ ಬರೆಯದೆ ಬಿಟ್ಟಿದ್ದು ಒಳಗೆ ಎಷ್ಟಿದೆ ಅನ್ನುವುದು. ಯಾಕೆಂದರೆ ಈ ಆಟಿಕೆಗಳ ಮಜಾ ಇರುವುದೇ ಬಚ್ಚಿಟ್ಟ ಕಡೆ. ನೀವು ಹೇಗೆ ನೋಡಿಕೊಂಡಿರಿ ಎಂಬುದನ್ನು ಅದು ಸದ್ದಿಲ್ಲದೆ ಲೆಕ್ಕ ಇಟ್ಟಿರುತ್ತದೆ, ದಿನಗಳಾದ ಮೇಲೆ ಆ ಲೆಕ್ಕದ ಪ್ರಕಾರ ಬೇರೆಯೇ ಒಂದು ಪ್ರಾಣಿಯಾಗಿ ಎದುರು ನಿಲ್ಲುತ್ತದೆ. ಈ ಲೆಕ್ಕ ಇಲ್ಲದ ಆಟಿಕೆ ಎಷ್ಟೇ ಬಣ್ಣಬಣ್ಣವಾಗಿದ್ದರೂ ವಾರದೊಳಗೆ ಮೂಲೆ ಸೇರುತ್ತದೆ.

ಇಲ್ಲಿ ಎಲ್ಲಾ ಮಾದರಿಗಳ ಪಟ್ಟಿ ಸಿಗುವುದಿಲ್ಲ. ಅಷ್ಟೊಂದು ಇವೆ. ಕೊಳ್ಳುವಾಗ ನಿಜಕ್ಕೂ ಎದುರಾಗುವ ಆಯ್ಕೆಗಳನ್ನು ಮಾತ್ರ ಹಿಡಿದು ಹೋಲಿಸುತ್ತೇನೆ.

ಮೊಟ್ಟಮೊದಲ ಟಮಗಾಚಿ: ಜಪಾನಿನ ಪಿ1 ಮತ್ತು ಹೊರದೇಶದ ಪಿ1

ಬಂಡೈ ಕಂಪನಿ ಜಪಾನಿನಲ್ಲಿ ಮೊದಲ ಟಮಗಾಚಿಯನ್ನು (ಪಿ1 ಎನ್ನುವುದು ಇದನ್ನೇ) ಬಿಟ್ಟಿದ್ದು 1996ರ ನವೆಂಬರ್ 23ರಂದು. ಅಮೆರಿಕಕ್ಕೆ ಬಂದಿದ್ದು 1997ರ ಮೇ ತಿಂಗಳಲ್ಲಿ. ಬಂಡೈನ ಅಕಿ ಮೈತಾ ಮತ್ತು ವಿಜ್ ಎಂಬ ಸಂಸ್ಥೆಯ ಅಕಿಹಿರೊ ಯೊಕೊಯಿ ಇದರ ಹಿಂದಿದ್ದವರು. ಜನರ ಲಕ್ಷಗಟ್ಟಲೆ ಗಂಟೆಗಳ ಕೆಲಸವನ್ನು ಇಲ್ಲದ ಪ್ರಾಣಿ ಸಾಕುವುದಕ್ಕೆ ತಿರುಗಿಸಿದರು ಅಂತ 1997ರಲ್ಲಿ ಇಬ್ಬರಿಗೂ ಅರ್ಥಶಾಸ್ತ್ರದ ಇಗ್ ನೊಬೆಲ್ ಕೊಟ್ಟರು. ತಮಾಷೆಯ ಪ್ರಶಸ್ತಿಯೇ, ಆದರೂ ಸುಮ್ನೆ ಕೊಟ್ಟಿದ್ದಲ್ಲ.

ಯಂತ್ರ ಬಹಳ ಚಿಕ್ಕದು. ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿಗಳ ಕಪ್ಪು ಬಿಳುಪು ಪರದೆ. ಮೂರು ಗುಂಡಿ. ಮೇಲೆ ಕೆಳಗೆ ಸೇರಿ ಎಂಟು ಚಿಹ್ನೆ. ಒಳಗಿರುವುದು ಎಪ್ಸನ್‌ನ 4 ಬಿಟ್ ಚಿಪ್. ಇಷ್ಟರಲ್ಲಿ ಏನು ಬಚ್ಚಿಡಲು ಸಾಧ್ಯ ಅನ್ನಿಸುತ್ತದೆ, ಅಲ್ವಾ? ಬಚ್ಚಿಟ್ಟಿದ್ದಾರೆ.

ಮೊಟ್ಟೆ 5 ನಿಮಿಷದಲ್ಲಿ ಒಡೆಯುತ್ತದೆ. ಮರಿ ಸುಮಾರು ಒಂದು ಗಂಟೆಯಲ್ಲಿ ಮರುಚ್ಚಿ ಎಂಬ ದುಂಡನೆಯ ಮಗುವಾಗುತ್ತದೆ. ಅಲ್ಲಿಂದ ಕವಲು ಶುರು. ಚೆನ್ನಾಗಿ ನೋಡಿಕೊಂಡರೆ ಟಮಾಚ್ಚಿ, ಅಷ್ಟಕ್ಕಷ್ಟೇ ಆದರೆ ಕುಚಿಟಮಾಚ್ಚಿ. ಮುಂದೆ ದೊಡ್ಡದಾದಾಗ ಆರು ರೂಪಗಳಲ್ಲಿ ಒಂದು ಬರುತ್ತದೆ. ಎಲ್ಲರೂ ಬಯಸುವುದು ಮಮೆಚ್ಚಿ. ಹಾವಿನ ಹಾಗಿರುವ ನ್ಯೊರೊಚ್ಚಿಯೋ, ತುಟಿ ದಪ್ಪಗಿರುವ ತರಾಕೊಚ್ಚಿಯೋ ಬಂದರೆ ಅದು ಕರೆದಾಗ ನೀವು ಓಡಿಲ್ಲ ಎಂದು ಅರ್ಥ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಮುಂದಿನದು. ಪರದೆಯ ಮೇಲೆ ಟಮಾಚ್ಚಿ ಒಂದೇ ಥರ ಕಂಡರೂ ಒಳಗೆ ಎರಡು ಬಗೆ ಇದೆ. ಮಗುವಾಗಿದ್ದಾಗ ಶಿಸ್ತು ಕಲಿಸಿದ್ದು ಕಡಿಮೆಯಾಗಿದ್ದರೆ ಅದು ಎರಡನೆಯ ಬಗೆಯಾಗಿ ಬೆಳೆಯುತ್ತದೆ, ನೋಡಲು ಒಂದು ಚುಕ್ಕಿಯೂ ಬೇರೆ ಇರುವುದಿಲ್ಲ. ಈ ಎರಡನೆಯ ಬಗೆಯಿಂದ ಆ ಆರು ರೂಪಗಳಲ್ಲೊಂದಾದ ಮಾಸ್ಕುಚ್ಚಿ ಬಂದು, ಆ ಮಾಸ್ಕುಚ್ಚಿ ಇನ್ನೂ ಕೆಲವು ದಿನ ಬದುಕಿದರೆ ಮಾತ್ರ ಕೊನೆಗೆ ಗುಟ್ಟಿನ ಪಾತ್ರ ಹೊರಬೀಳುತ್ತದೆ. ಅಂದರೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವರಿಗೆ ಆ ಪಾತ್ರ ಎಂದೂ ಕಾಣುವುದಿಲ್ಲ! ಮೊದಲು ಸ್ವಲ್ಪ ಸಡಿಲ ಬಿಟ್ಟು, ಆಮೇಲೆ ಸಾಯದಂತೆ ಜೋಪಾನ ಮಾಡಿದವರಿಗೇ ಅದು ಸಿಗುವುದು. ಸುಮ್ಮನೆ ಪುಟಾಣಿ ಮಕ್ಕಳ ಆಟಿಕೆ ಎಂದುಕೊಂಡ ವಸ್ತುವಿನೊಳಗೆ ಇಂಥ ಕೊಂಕು ಇಟ್ಟವರ ತಲೆಯನ್ನು ಮೆಚ್ಚಲೇಬೇಕು.

ಆ ಪಾತ್ರ ಯಾರು ಎಂಬುದು ಮಾತ್ರ ನೀವು ಯಾವ ದೇಶದ್ದು ಕೊಂಡಿದ್ದೀರಿ ಎಂಬುದರ ಮೇಲೆ ನಿಂತಿದೆ. ಜಪಾನಿನದರಲ್ಲಿ ಓಯಾಜಿಚ್ಚಿ, ಅಂದರೆ ಅಲ್ಲಿನ ರೈಲುಗಳಲ್ಲಿ ದಿನಾ ಕಾಣುವಂಥ ನಡುವಯಸ್ಸಿನ ಅಂಕಲ್. ಹೊರದೇಶದವರಿಗೆ ಆ ತಮಾಷೆ ತಿಳಿಯುವುದಿಲ್ಲ ಅಂತಲೋ ಏನೋ, ಇಂಗ್ಲಿಷಿನದರಲ್ಲಿ ಅವನ ಜಾಗಕ್ಕೆ ಬಿಲ್ ಎಂಬವನನ್ನು ತಂದರು. ಎರಡನೆಯ ಕಂತಿನ ಪಿ2ರಲ್ಲೂ ಇದೇ ಕಥೆ. ಜಪಾನಿನದರಲ್ಲಿ ಸುಮೋ ಪೈಲ್ವಾನ ಸೆಕಿತೊರಿಚ್ಚಿ ಇದ್ದ, ಹೊರಗಿನದರಲ್ಲಿ ಅವನನ್ನು ತೆಗೆದು ಬೇರೆಯವನನ್ನು ಕೂರಿಸಿದರು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಸಾವಿನದು. ಜಪಾನಿನ ಆಟಿಕೆಯಲ್ಲಿ ಪ್ರಾಣಿ ಸತ್ತರೆ ಗೋರಿಕಲ್ಲು, ಪಕ್ಕದಲ್ಲಿ ದೆವ್ವ. ಮುಚ್ಚುಮರೆ ಇಲ್ಲ. ಅಮೆರಿಕದ್ದರಲ್ಲಿ ಅದು ರೆಕ್ಕೆ ಕಟ್ಟಿಕೊಂಡ ದೇವದೂತ, ತನ್ನ ಗ್ರಹಕ್ಕೆ ಮರಳಿತು ಎಂಬ ಕಥೆ. ಸಣ್ಣ ಮಗುವಿಗೆ ಕೊಡುವವರಿಗೆ ಇದು ಚಿಕ್ಕ ವಿಷಯ ಅಲ್ಲ. ನನಗೇನೋ ಗೋರಿಯೇ ಸರಿ ಎನಿಸುತ್ತದೆ, ಆದರೆ ಐದು ವರ್ಷದ ಮಗು ಇರುವ ಮನೆಯವರು ಹಾಗೆ ಅಂದುಕೊಳ್ಳಬೇಕಿಲ್ಲ.

ಪಿ1 ಮತ್ತು ಪಿ2ರ ನಡುವೆ ಯಾವುದು? ಪಿ1ರ ಆಟ ಅಂದರೆ ಪ್ರಾಣಿ ಎಡಕ್ಕೆ ತಿರುಗುತ್ತದೋ ಬಲಕ್ಕೋ ಊಹಿಸುವುದು. ಅದು ಬರೀ ಅದೃಷ್ಟ. ಪಿ2ರಲ್ಲಿ ಮುಂದಿನ ಅಂಕಿ ದೊಡ್ಡದೋ ಚಿಕ್ಕದೋ ಹೇಳಬೇಕು. ಇದರಲ್ಲಿ ಅಷ್ಟಿಷ್ಟು ತಲೆ ಓಡುತ್ತದೆ, ಯಾಕೆಂದರೆ 2 ಬಂದರೆ ಮುಂದಿನದು ದೊಡ್ಡದು ಎನ್ನಲು ಜ್ಯೋತಿಷಿ ಬೇಕಿಲ್ಲ. ಪ್ರಾಣಿಯನ್ನು ಖುಷಿಯಾಗಿಡಲು ಈ ಆಟವನ್ನು ದಿನಕ್ಕೆ ಎಷ್ಟೋ ಸಲ ಆಡಬೇಕಾಗುತ್ತದೆ, ಹಾಗಾಗಿ ನನ್ನ ಮತ ಪಿ2ಕ್ಕೆ. ಪಾತ್ರಗಳ ಅಂದ ಬೇಕೆಂದರೆ ಪಿ1.

ಇನ್ನು ಹಳೆಯದೋ, ಮರುಬಿಡುಗಡೆಯೋ? 1996-97ರ ಅಸಲಿ ಮೊಟ್ಟೆಗಳಿಗೆ ಎಲ್‌ಆರ್44 ಗುಂಡಿ ಬ್ಯಾಟರಿ ಎರಡು ಬೇಕು. ಈಗ ಬರುವ ಒರಿಜಿನಲ್ ಟಮಗಾಚಿಗೆ ಸಿಆರ್2032 ಒಂದು ಸಾಕು. ಹಳೆಯದು ಎಂದು ಮಾರುವವರು ಬ್ಯಾಟರಿ ಮುಚ್ಚಳ ತೆಗೆದು ಫೋಟೋ ಕಳಿಸಲಿ, ಅರ್ಧ ಅನುಮಾನ ಅಲ್ಲೇ ಪರಿಹಾರ. ಆಡುವುದಕ್ಕೆ ಅಂತಲೇ ಆದರೆ ಮರುಬಿಡುಗಡೆ ಸಾಕು, ಗೂಡಿನಲ್ಲಿಟ್ಟು ನೋಡುವುದಕ್ಕಾದರೆ ಮಾತ್ರ ಹಳೆಯದಕ್ಕೆ ದುಡ್ಡು ಸುರಿಯಿರಿ. 2017ರಲ್ಲಿ ಬಂದ ಇಪ್ಪತ್ತನೇ ವರ್ಷದ ಮಿನಿ ನೋಡಲು ಮುದ್ದಾಗಿದೆ, ಆದರೆ ಒಳಗಿನದನ್ನೆಲ್ಲ ಕತ್ತರಿಸಿ ಕೀ ಚೈನ್ ಮಾಡಿಟ್ಟಿದ್ದಾರೆ. ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಕೈಪಿಡಿಯಲ್ಲಿ ಎದ್ದು ಕಾಣದ ಎರಡು ಉಪಾಯ ಇಲ್ಲೇ ಹೇಳಿಬಿಡುತ್ತೇನೆ. ಎ ಮತ್ತು ಸಿ ಗುಂಡಿ ಒಟ್ಟಿಗೆ ಒತ್ತಿದರೆ ಸದ್ದು ಬಂದ್, ಮತ್ತೆ ಒತ್ತಿದರೆ ಚಾಲೂ. ಗಡಿಯಾರದ ಪರದೆಗೆ ಹೋಗಿ ಅದೇ ಎರಡು ಗುಂಡಿ ಒತ್ತಿದರೆ ಸಮಯ ಸರಿಪಡಿಸುವ ಜಾಗ ಬರುತ್ತದೆ. ಹಳೆಯ ಯಂತ್ರಗಳಲ್ಲಿ ಅಲ್ಲೇ ಬಿಟ್ಟರೆ ಪ್ರಾಣಿಗೆ ಹೊತ್ತೇ ಸರಿಯುವುದಿಲ್ಲ, ಹಸಿವೂ ಇಲ್ಲ, ಗಲೀಜೂ ಇಲ್ಲ. ಶಾಲೆಗೆ ಹೋಗುವ ಮಕ್ಕಳು, ಮೀಟಿಂಗಿನಲ್ಲಿ ಕೂತ ದೊಡ್ಡವರು ಎಲ್ಲರೂ ಇದನ್ನೇ ನಂಬಿಕೊಂಡಿದ್ದಾರೆ. ಇದು ಮೋಸ ಎನ್ನುವವರೂ ಇದ್ದಾರೆ. ಇರಲಿ.

ಕನೆಕ್ಷನ್: ಜೊತೆಗಾರ ಇದ್ದರೆ ಮಾತ್ರ

2004ರಲ್ಲಿ ಟಮಗಾಚಿ ಮರಳಿ ಬಂದಾಗ ಜೊತೆಗೆ ಇನ್‌ಫ್ರಾರೆಡ್ ತಂದಿತು. ಜಪಾನಿನಲ್ಲಿ ಟಮಗಾಚಿ ಪ್ಲಸ್, ಇಂಗ್ಲಿಷಿನಲ್ಲಿ ಟಮಗಾಚಿ ಕನೆಕ್ಷನ್. ಎರಡು ಯಂತ್ರಗಳನ್ನು ಮುಖಾಮುಖಿ ಹಿಡಿದರೆ ಪ್ರಾಣಿಗಳು ಗೆಳೆಯರಾಗುತ್ತವೆ, ಉಡುಗೊರೆ ಕೊಡುತ್ತವೆ, ಮದುವೆಯೂ ಆಗುತ್ತವೆ. ಜೊತೆ ಸಿಗದಿದ್ದರೆ ಮದುವೆ ದಲ್ಲಾಳಿಯೇ ಮನೆಗೆ ಬಂದು ಸಂಬಂಧ ತೋರಿಸುತ್ತಾಳೆ! ಹುಟ್ಟಿದ ಮರಿ ಮುಂದಿನ ತಲೆಮಾರು. ಆಟ ಸಾವಿನಲ್ಲಿ ಮುಗಿಯದೆ ವಂಶವಾಗಿ ಮುಂದುವರಿಯಲು ಶುರುವಾಗಿದ್ದು ಈ ಸಾಲಿನಲ್ಲಿ.

ಇಲ್ಲಿ ಆವೃತ್ತಿಗಳು ಬಹಳ. ವಿ2ರಿಂದ ಅಂಗಡಿ ಮತ್ತು ದುಡ್ಡು, ವಿ4ರಲ್ಲಿ ಶಾಲೆ ಮತ್ತು ನೌಕರಿ, ವಿ5ರಲ್ಲಿ ಒಂದೇ ಸಲ ಇಡೀ ಸಂಸಾರ, ಅದಾದ ಮೇಲೆ ವಾದ್ಯ ಬಾರಿಸುವ ಮ್ಯೂಸಿಕ್ ಸ್ಟಾರ್. ಹಳೆಯದರಲ್ಲಿ ಒಂದನ್ನೇ ಆರಿಸಬೇಕು ಅಂದರೆ ವಿ4 ಎನ್ನುತ್ತೇನೆ. ನೀವು ಆಡಿಸುವ ಆಟಗಳು ಅದರ ಬುದ್ಧಿ, ಗುಣಗಳ ಅಂಕಗಳಿಗೆ ಸೇರಿ, ಆ ಅಂಕಗಳು ಮುಂದೆ ಯಾವ ಪಾತ್ರವಾಗುತ್ತದೆ ಎಂಬುದನ್ನು ಬದಲಿಸುತ್ತವೆ. ಅಂದರೆ ಲೆಕ್ಕ ಬರೀ ಊಟ, ಸ್ವಚ್ಛತೆಯದಲ್ಲ, ಹೇಗೆ ಬೆಳೆಸಿದಿರಿ ಎಂಬುದರದ್ದು. ವಿ5ರ ಸಂಸಾರ ಕೇಳಲು ಚೆಂದ, ಆದರೆ ಎಲ್ಲವನ್ನೂ ಗುಂಪಾಗಿ ನೋಡುವಾಗ ಯಾವುದರ ಮೇಲೂ ಮಮತೆ ಹುಟ್ಟುವುದಿಲ್ಲ. ಬೇರೆಯವರಿಗೆ ಹಾಗನ್ನಿಸದೆಯೂ ಇರಬಹುದು.

ಬಚ್ಚಿಟ್ಟಿದ್ದು ಈ ಸಾಲಿನಲ್ಲಿ ಕೋಡ್ ರೂಪದಲ್ಲಿದೆ. ವಿ3ರಿಂದ ಟಮಾಟೌನ್ ಎಂಬ ಜಾಲತಾಣಕ್ಕೆ ಹೋಗಿ ಆಡಿದರೆ ಅಂಕಿಗಳ ಕೋಡ್ ಸಿಗುತ್ತಿತ್ತು, ಅದನ್ನು ಆಟಿಕೆಯಲ್ಲಿ ಒತ್ತಿದರೆ ವಸ್ತುಗಳು ಬರುತ್ತಿದ್ದವು. ವಸ್ತುಗಳೆಲ್ಲ ಮೊದಲೇ ಆಟಿಕೆಯ ಒಳಗೇ ಇದ್ದವು, ಕೋಡ್ ಅನ್ನುವುದು ಬಾಗಿಲ ಕೀಲಿ ಅಷ್ಟೆ. ಆ ಟಮಾಟೌನ್ ಮುಚ್ಚಿಹೋಗಿದೆ. ಆದರೆ ಅಭಿಮಾನಿಗಳು ಬರೆದಿಟ್ಟ ಕೋಡ್ ಪಟ್ಟಿಗಳಿವೆ, ಕೋಡನ್ನು ತಾಳೆ ನೋಡುವುದು ಆಟಿಕೆಯೇ ಆದ್ದರಿಂದ ಅವು ಇಂದಿಗೂ ನಡೆಯುತ್ತವೆ. ಕೊಳ್ಳುವ ಮುಂಚೆ ನಿಮ್ಮ ಆವೃತ್ತಿಯ ಪಟ್ಟಿಯೇ ಅದು ಹೌದೋ ಎಂದು ನೋಡಿ, ಜಪಾನಿನ ಆವೃತ್ತಿಗಳ ಪಟ್ಟಿ ಬೇರೆ.

ಜಪಾನಿನ ಸಾಲಿನಲ್ಲಿ ಒಂದು ವಿಚಿತ್ರವೂ ಇದೆ. ಅಲ್ಲಿನ ಕೇತಾಯ್ ಮಾದರಿ ಆ ಕಾಲದ ಜಪಾನಿ ಮೊಬೈಲ್ ಫೋನುಗಳ ಇನ್‌ಫ್ರಾರೆಡ್ ಜೊತೆ ಮಾತಾಡುತ್ತಿತ್ತು. ಆ ಫೋನುಗಳೂ ಹೋದವು, ಆ ಸೇವೆಯೂ ಹೋಯಿತು. ಈಗ ಕೊಂಡರೆ ಆ ಅರ್ಧಭಾಗಕ್ಕೆ ನೀವು ಕೊಡುವ ದುಡ್ಡು ವ್ಯರ್ಥ.

ಇನ್ನೂ ಆಳಕ್ಕೆ ಇಳಿಯುವವರಿಗೆ ಡೀಬಗ್ ಇದೆ. ಕನೆಕ್ಷನ್ ಕಾಲದ ಕೆಲವು ಯಂತ್ರಗಳನ್ನು ಬಿಚ್ಚಿ, ಸರ್ಕ್ಯೂಟ್ ಬೋರ್ಡಿನ ಮೇಲೆ ಖಾಲಿ ಬಿಟ್ಟ ಜಾಗವನ್ನು ಪೆನ್ಸಿಲ್ ಸೀಸದಿಂದ ಉಜ್ಜಿ ಜೋಡಿಸಿದರೆ ಕಾರ್ಖಾನೆಯವರ ಪರೀಕ್ಷೆಯ ಸ್ಥಿತಿ ತೆರೆದುಕೊಳ್ಳುತ್ತದೆ. ಹೊತ್ತು ಬೇಗ ಓಡುತ್ತದೆ, ಪಾತ್ರಗಳು ಬೇಗ ಬರುತ್ತವೆ. ಇದಕ್ಕಿಂತ ಮುಂದೆ ಹೋದವರು ನಟಾಲಿ ಸಿಲ್ವಾನೊವಿಚ್. ಟಮಗಾಚಿಯ ಚಿಪ್ಪನ್ನೇ ಬಿಚ್ಚಿ ಒಳಗಿನ ಪ್ರೋಗ್ರಾಂ ಹೊರತೆಗೆಯುವ ಬಗ್ಗೆ ಅವರು 2012ರ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಮಾತಾಡಿದ್ದಾರೆ. ಆಸಕ್ತಿ ಇರುವವರು ಹುಡುಕಿ ನೋಡಿ, ಮಜವಾಗಿದೆ. ಆದರೆ ಮಗುವಿನ ಪ್ರಾಣಿಯ ಮೇಲೆ ಪೆನ್ಸಿಲ್ ಪ್ರಯೋಗ ಬೇಡ.

2024ರಲ್ಲಿ ಕನೆಕ್ಷನ್ ಮತ್ತೆ ಬಂದಿದೆ, ವಿ3ರ ಆಧಾರದ ಮೇಲೆ. ಹಳೆಯ ವಿ3ಕ್ಕೆ ದುಬಾರಿ ಬೆಲೆ ಕೊಡುವುದಕ್ಕಿಂತ ಇದೇ ಒಳ್ಳೆಯದು. ಒಂದು ಷರತ್ತು: ಎರಡು ಕೊಳ್ಳಿ, ಇಲ್ಲವೇ ಜೊತೆಗೆ ಕೊಳ್ಳುವವರನ್ನು ಹುಡುಕಿ. ಒಂಟಿಯಾಗಿ ಇದರ ಅರ್ಧ ರುಚಿ ಗೊತ್ತಾಗುವುದಿಲ್ಲ.

ಬಣ್ಣದ ಪರದೆ: ಹೆಚ್ಚು ಜನ ಸಿಕ್ಕಿಬೀಳುವ ಜಾಗ

ಜಪಾನಿನಲ್ಲಿ ಬಣ್ಣದ ಟಮಗಾಚಿ 2008ರಲ್ಲೇ ಬಂತು. ಆಮೇಲೆ ಐಡಿ, ಐಡಿ ಎಲ್, ಪೀಸ್, 4ಯು, 2016ರಲ್ಲಿ ಮಿಕ್ಸ್ ಹೀಗೆ ಮಾದರಿಗಳು ಸಾಲಾಗಿ ಬಂದವು. ಇಂಗ್ಲಿಷಿನವರು ಬಣ್ಣಕ್ಕಾಗಿ 2019ರಲ್ಲಿ ಆನ್ ಎಂಬ ಮಾದರಿ ಬರುವವರೆಗೆ ಕಾಯಬೇಕಾಯಿತು. ನಡುವೆ ಬಂದ ಫ್ರೆಂಡ್ಸ್ ಎಂಬುದು ಮತ್ತೆ ಕಪ್ಪು ಬಿಳುಪೇ. ಹಾಗಾಗಿ ಆನ್‌ಲೈನಿನಲ್ಲಿ ಚಂದದ ಹಳೆಯ ಬಣ್ಣದ ಟಮಗಾಚಿ ಕಂಡರೆ ಅದು ಹೆಚ್ಚುಕಮ್ಮಿ ಜಪಾನಿ ಭಾಷೆಯದೇ ಎಂದುಕೊಳ್ಳಿ.

ಅದರಲ್ಲೇನು ತೊಂದರೆ, ಚಿತ್ರ ನೋಡಿ ಆಡಿದರಾಯಿತು ಅನ್ನುವವರು ಇದ್ದಾರೆ. ಊಟ, ಸ್ನಾನ, ಆಟದ ಮಟ್ಟಿಗೆ ಅದು ನಿಜ. ಮಕ್ಕಳಿಗೆ ಮಾಡಿದ್ದರಿಂದ ಬರಹ ಬಹುಪಾಲು ಕಾನಾ ಲಿಪಿಯಲ್ಲಿರುತ್ತದೆ, ಕಾಂಜಿ ಎಂಬ ಚೀನೀ ಮೂಲದ ಕಷ್ಟದ ಅಕ್ಷರ ಇರುವುದು ಕಡಿಮೆ. ಕೆಲವು ವಾರ ಕೂತರೆ ಕಾನಾ ಓದಲು ಬರುತ್ತದೆ. ಆದರೆ ತೊಂದರೆ ಇರುವುದು ಭಾಷೆಯಲ್ಲಿ ಅಲ್ಲ, ಹೊರಗಿನಿಂದ ಇಳಿಸಿಕೊಳ್ಳುವ ಭಾಗದಲ್ಲಿ. ಐಡಿ ಎಲ್‌ಗೆ ಹೊಸ ವಸ್ತು ಬರುತ್ತಿದ್ದುದು ಜಪಾನಿ ಫೋನುಗಳ ಇನ್‌ಫ್ರಾರೆಡ್‌ನಿಂದ. ಪೀಸ್‌ಗೆ ತಲೆಯ ಮೇಲೆ ಸಿಕ್ಕಿಸುವ ಡೆಕೊ ಪಿಯರ್ಸ್ ಎಂಬ ಒಡವೆ ಬೇಕು, ಒಳಗಿನ ಎಷ್ಟೋ ಪಾತ್ರ, ಊರು ಎಲ್ಲ ಆ ಒಡವೆಯಲ್ಲೇ ಇವೆ. 4ಯು ಅಂತೂ ತಾಗಿಸಿದರೆ ಮಾಹಿತಿ ಸಾಗಿಸುವ ಎನ್‌ಎಫ್‌ಸಿ ನಂಬಿಕೊಂಡದ್ದು, ಜಪಾನಿನ ಅಂಗಡಿಗಳಲ್ಲಿದ್ದ ಟಚ್ ಸ್ಪಾಟ್‌ಗಳಿಗೆ ತಾಗಿಸಿ ಪಾತ್ರಗಳನ್ನು ಪಡೆಯುವುದೇ ಅದರ ಜೀವ. ಅದಿಲ್ಲದೆ ಅದು ಸುಂದರವಾದ ಖಾಲಿ ಡಬ್ಬಿ. 4ಯು ಬೇಡ ಎಂದು ನೇರವಾಗಿಯೇ ಹೇಳುತ್ತೇನೆ.

ಹೊರಗಿನದು ಏನೂ ಬೇಡದೆ ತನ್ನೊಳಗೇ ತುಂಬಿಕೊಂಡಿರುವುದು ಮಿಕ್ಸ್. ಗಂಡು ಹೆಣ್ಣು ಮದುವೆಯಾದರೆ ಮಗುವಿಗೆ ಅಪ್ಪನ ಕಣ್ಣು, ಅಮ್ಮನ ಮೈಬಣ್ಣ, ಅಜ್ಜಿಯ ಕಡೆಯ ಯಾವುದೋ ಕಿವಿ ಹೀಗೆ ಬೆರೆತು ಬರುತ್ತದೆ. ತಲೆಮಾರು ಕಳೆದಂತೆ ಕೈಪಿಡಿಯಲ್ಲಿ ಎಲ್ಲೂ ಇಲ್ಲದ ಮುಖವೊಂದು ನಿಮ್ಮ ಮನೆಯಲ್ಲಿ ಮಾತ್ರ ಇರುತ್ತದೆ. ಬಚ್ಚಿಟ್ಟ ಪಾತ್ರ ಎಂಬ ಹಳೆಯ ಆಲೋಚನೆಯನ್ನು ಇದು ತಿರುಗಿಸಿಬಿಟ್ಟಿತು: ಕಂಪನಿಯೇ ನೋಡಿರದ ಪಾತ್ರ ನಿಮಗೆ ಸಿಗುತ್ತದೆ. ಇದೇ ಗುಣ 2018ರ ಜಪಾನಿನ ಮೀಟ್ಸ್‌ಗೂ, ಅದರ ಇಂಗ್ಲಿಷ್ ರೂಪವಾದ ಆನ್‌ಗೂ, ಕೊರಿಯನ್ ರೂಪವಾದ ಸಮ್‌ಗೂ ಬಂತು. ಜಪಾನಿ ಬಾರದವರಿಗೆ ಆನ್ ಸಾಕು. ಮೀಟ್ಸ್ ಮತ್ತು ಆನ್‌ನ ಫೋನ್ ಆ್ಯಪ್‌ಗಳು ಬೇರೆ ಬೇರೆ ಎಂಬುದನ್ನು ಮಾತ್ರ ನೆನಪಿಡಿ. ಟೋಕಿಯೋದಲ್ಲಿರುವ ತಂಗಿಗೆ ಮೀಟ್ಸ್, ನಿಮಗೆ ಆನ್, ಇಬ್ಬರೂ ಆ್ಯಪ್‌ನಲ್ಲಿ ಕೂಡೋಣ ಎಂಬ ಲೆಕ್ಕ ಹಾಕಬೇಡಿ.

ಇಲ್ಲಿ ಬಣ್ಣದ ವಿಷಯಕ್ಕೆ ಮರಳಬೇಕು. ಪಿ1ರಲ್ಲಿ ಚಿಪ್ಪಿನ ಬಣ್ಣ ಬರೀ ಬಣ್ಣ. ಆದರೆ ಮಿಕ್ಸ್‌ನಲ್ಲಿ ಮೆಲೊಡಿ, ಸ್ಪೇಸಿ, ಡ್ರೀಮ್, ಮ್ಯಾಜಿಕಲ್ ಅಂತ ಬೇರೆ ಬೇರೆ ರೂಪಗಳಿವೆ, ಪಾತ್ರಗಳೂ ಬೇರೆ. ಆನ್‌ನಲ್ಲಿ ಫೇರಿ, ಮ್ಯಾಜಿಕ್, ವಂಡರ್ ಗಾರ್ಡನ್. 2025ರಲ್ಲಿ ಬಂದ ಪ್ಯಾರಡೈಸ್‌ನಲ್ಲಿ ಗುಲಾಬಿ ನೆಲದ್ದು, ನೀಲಿ ನೀರಿನದು, ನೇರಳೆ ಆಕಾಶದ್ದು. ಇವುಗಳಲ್ಲಿ ಬಣ್ಣ ಆರಿಸುವುದೆಂದರೆ ಒಳಗಿನ ಲೋಕವನ್ನೇ ಆರಿಸಿದ ಹಾಗೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಜಗಳ ತಪ್ಪಿಸಲು ಇಬ್ಬರಿಗೂ ಒಂದೇ ಬಣ್ಣ ತರುವವರು ಇಲ್ಲಿ ಮಾತ್ರ ಬೇರೆ ಬೇರೆ ತರಲಿ, ಜೋಡಿಸಿ ಆಡಿದಾಗ ಲಾಭ.

2021ರ ಜೋಡಿಯನ್ನೂ ಹೇಳಬೇಕು. ಜಪಾನಿಗೆ ಸ್ಮಾರ್ಟ್, ಇಂಗ್ಲಿಷಿಗೆ ಪಿಕ್ಸ್. ಸ್ಮಾರ್ಟ್ ಕೈಗೆ ಕಟ್ಟುವ ಗಡಿಯಾರ, ಟಮಾಸ್ಮಾ ಕಾರ್ಡ್ ಎಂಬ ಪುಟ್ಟ ಕಾರ್ಡ್ ತುರುಕಿದರೆ ಹೊಸ ಪಾತ್ರ, ವಸ್ತುಗಳು ಬರುತ್ತವೆ. ಕಾರ್ಡ್ ಬೇರೆ ಕೊಳ್ಳಬೇಕು, ಅದೂ ಜಪಾನಿನದೇ. ಪಿಕ್ಸ್‌ನಲ್ಲಿ ಕ್ಯಾಮೆರಾ ಇದೆ, ಸುತ್ತಲಿನ ಫೋಟೋ ತೆಗೆದರೆ ಅದರಿಂದ ಅಡುಗೆ ಹುಟ್ಟುತ್ತದೆ. ಐಡಿಯಾ ಜೋರು. ಆದರೆ ಒತ್ತುವ ಗುಂಡಿಯ ಬದಲು ಮುಟ್ಟುವ ಗುಂಡಿ ಇಟ್ಟಿದ್ದಾರೆ, ಅದು ನನಗೆ ಒಗ್ಗಲಿಲ್ಲ.

ದೇಶದ ತಕರಾರು ಎಲ್ಲಕ್ಕಿಂತ ಕಡಿಮೆ ಇರುವುದು 2023ರ ಜುಲೈನಲ್ಲಿ ಜಗತ್ತಿನಾದ್ಯಂತ ಒಟ್ಟಿಗೆ ಬಂದ ಯುನಿಯಲ್ಲಿ. ವೈಫೈ ಇದೆ, ಚಾರ್ಜ್ ಮಾಡಬಹುದು, ಟಮಾವರ್ಸ್ ಎಂಬ ಅದರ ಆನ್‌ಲೈನ್ ಲೋಕದಲ್ಲಿ ಬೇರೆ ದೇಶದವರ ಪ್ರಾಣಿಗಳೂ ಓಡಾಡುತ್ತವೆ. ಹೊಸ ಜಾಗ, ಹೊಸ ಪಾತ್ರ ಇಳಿಯುತ್ತಲೇ ಇರುತ್ತವೆ. ಒಂದು ಸಣ್ಣ ತಾಪತ್ರಯ: ಇದು 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಹಿಡಿಯುತ್ತದೆ. ನಿಮ್ಮ ಮನೆಯ ರೂಟರ್ ಎರಡು ಬ್ಯಾಂಡನ್ನೂ ಒಂದೇ ಹೆಸರಿನಲ್ಲಿ ಬಿಟ್ಟಿದ್ದರೆ ಕೆಲವೊಮ್ಮೆ ಜೋಡಣೆ ಆಗುವುದಿಲ್ಲ, ಆಟಿಕೆ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುಂಚೆ 2.4ಕ್ಕೆ ಬೇರೆ ಹೆಸರು ಕೊಟ್ಟು ನೋಡಿ.

ಆದರೂ ಯುನಿ ಬಗ್ಗೆ ನನಗೊಂದು ಅಸಮಾಧಾನ ಇದೆ. ಅದರಲ್ಲಿ ಬಚ್ಚಿಟ್ಟಿದ್ದು ಒಳಗಿಲ್ಲ, ಸರ್ವರ್‌ನಲ್ಲಿದೆ. ಟಮಾಟೌನ್, ಟಚ್ ಸ್ಪಾಟ್‌ಗಳಿಗೆ ಏನಾಯಿತು ಎಂದು ನೋಡಿದ್ದೀರಿ. ಪಿ1 ಮಾತ್ರ ಬ್ಯಾಟರಿ ಹಾಕಿದರೆ ಇಂದಿಗೂ ಪೂರ್ತಿ ಆಟ.

ಡಿಜಿಮಾನ್: ಹೆಸರೂ ಬೇರೆ, ಮೆಟ್ಟಿಲೂ ಬೇರೆ

ಟಮಗಾಚಿ ಹುಡುಗಿಯರದ್ದು ಎಂದು ಹುಡುಗರು ದೂರ ಇಟ್ಟಾಗ ಬಂಡೈ 1997ರ ಜೂನ್‌ನಲ್ಲಿ ಡಿಜಿಟಲ್ ಮಾನ್‌ಸ್ಟರ್ ತಂದಿತು. ಪಂಜರದಂಥ ಚೌಕ ಚಿಪ್ಪು, ತಲೆಯ ಮೇಲೆ ಲೋಹದ ಕಡ್ಡಿಗಳು. ಎರಡನ್ನು ತಲೆಗೆ ತಲೆ ತಾಗಿಸಿದರೆ ಕಾಳಗ.

ಗುಟ್ಟಿನ ಲೆಕ್ಕ ಇಲ್ಲಿ ಇನ್ನೂ ಬಿಗಿ. ಕರೆ ದೀಪ ಹೊತ್ತಿದಾಗ ನೋಡದಿದ್ದರೆ ಒಂದು ತಪ್ಪು. ತರಬೇತಿ ಎಷ್ಟು, ಅತಿಯಾಗಿ ತಿನ್ನಿಸಿದ್ದು ಎಷ್ಟು, ಎಲ್ಲಾ ದಾಖಲು. ಪರದೆಯ ಮೇಲೆ ಒಂದೂ ಕಾಣದು. ಮೊದಲ ಆವೃತ್ತಿಯಲ್ಲಿ ಅಗುಮಾನ್ ಚೆನ್ನಾಗಿ ಬೆಳೆದರೆ ಗ್ರೇಮಾನ್, ಅಲ್ಲಿಂದ ಮೆಟಲ್ ಗ್ರೇಮಾನ್. ಕೆಟ್ಟದಾಗಿ ನೋಡಿಕೊಂಡರೆ ಹಸಿರು ಬಸವನಹುಳುವಿನಂಥ ನುಮೆಮಾನ್. ಎಲ್ಲರೂ ಬೇಸರಪಟ್ಟು ರೀಸೆಟ್ ಒತ್ತುವುದು ಇಲ್ಲೇ. ಒತ್ತದೆ ಅದೇ ನುಮೆಮಾನನ್ನು ಚೆನ್ನಾಗಿ ಸಾಕಿ ಕಾಳಗಕ್ಕೆ ಬಿಟ್ಟವರಿಗೆ ಮಾತ್ರ ಮೊನ್ಜಾಎಮಾನ್ ಎಂಬ ದೊಡ್ಡ ಕರಡಿ ಬೊಂಬೆ ಸಿಗುತ್ತದೆ. ಓಯಾಜಿಚ್ಚಿಯ ಹಾಗೆಯೇ ಇಲ್ಲೂ ದಾರಿ ಕೆಳಗಿನಿಂದ ಹೋಗುತ್ತದೆ.

ದೇಶದ ವ್ಯತ್ಯಾಸ ಡಿಜಿಮಾನ್‌ನಲ್ಲಿ ಹೆಚ್ಚಾಗಿ ಹೆಸರುಗಳದ್ದು. ಯಂತ್ರ ಬಹುಪಾಲು ಚಿಹ್ನೆಗಳ ಮೇಲೆ ನಡೆಯುವುದರಿಂದ ಜಪಾನಿನದನ್ನು ಕೊಂಡರೂ ಕಷ್ಟವಿಲ್ಲ, ಕಷ್ಟ ಆಗುವುದು ಬೆಳವಣಿಗೆಯ ಪಟ್ಟಿ ಹುಡುಕುವಾಗ. ಜಪಾನಿನ ಒಮೆಗಾಮಾನ್ ಇಂಗ್ಲಿಷಿನಲ್ಲಿ ಓಮ್ನಿಮಾನ್, ಟೈಲ್‌ಮಾನ್ ಗ್ಯಾಟೊಮಾನ್, ಪಿಯೊಮಾನ್ ಬಿಯೊಮಾನ್. ಇನ್ನೂ ಕೆಟ್ಟ ಗೊಂದಲ ಮೆಟ್ಟಿಲುಗಳದ್ದು. ಜಪಾನಿನವರು ಪರ್ಫೆಕ್ಟ್ ಎನ್ನುವ ಹಂತವನ್ನು ಇಂಗ್ಲಿಷಿನವರು ಅಲ್ಟಿಮೇಟ್ ಎನ್ನುತ್ತಾರೆ, ಜಪಾನಿನ ಅಲ್ಟಿಮೇಟ್ ಅಂದರೆ ಇಂಗ್ಲಿಷಿನ ಮೆಗಾ. "ಅಲ್ಟಿಮೇಟ್ ಆಗಲು ಹೀಗೆ ಮಾಡಿ" ಎಂಬ ಸಲಹೆ ಓದಿದರೆ ಬರೆದವರು ಯಾವ ಕಡೆಯವರು ಎಂದು ಮೊದಲು ನೋಡಿ, ಇಲ್ಲದಿದ್ದರೆ ತಪ್ಪು ಹಂತಕ್ಕೆ ತರಬೇತಿ ಕೊಡುತ್ತಾ ಕೂರುತ್ತೀರಿ.

ಯಾವುದನ್ನು ಕೊಳ್ಳುವುದು? ಹೊಸಬರಿಗೆ ಇಪ್ಪತ್ತನೇ ವರ್ಷದ ಮಾದರಿ. ಜಪಾನಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಬಂತು. ಹಳೆಯ ಐದೂ ಆವೃತ್ತಿಗಳ ಮೊಟ್ಟೆಗಳು ಒಂದರಲ್ಲೇ ಇವೆ, ಒಮ್ಮೆಗೆ ಎರಡು ಸಾಕಬಹುದು, ಅದರ ಮೇಲೆ ಜುಬಾಮಾನ್, ಹ್ಯಾಕ್‌ಮಾನ್ ಮೊಟ್ಟೆಗಳನ್ನು ಆಡುತ್ತಾ ಆಡುತ್ತಾ ತೆರೆಯಬೇಕು. ಕಾಳಗಕ್ಕೆ ಹತ್ತಿರದಲ್ಲಿ ಯಾರೂ ಇಲ್ಲ ಅಂದರೆ ಅದರ ಬದಲು ಡಿಜಿಟಲ್ ಮಾನ್‌ಸ್ಟರ್ ಎಕ್ಸ್ ತೆಗೆದುಕೊಳ್ಳಿ, ಅದರಲ್ಲಿ ಒಬ್ಬರೇ ಆಡುವ ಕ್ವೆಸ್ಟ್ ಇದೆ. ಅಲ್ಲಾಡಿಸಿ ಆಡುವ ಪೆಂಡುಲಂ ಬೇರೆಯದೇ ಸಾಲು, ಅದರಲ್ಲಿ ಸಮುದ್ರದ್ದು, ಕಾಡಿನದು, ಯಂತ್ರದ್ದು ಅಂತ ಆವೃತ್ತಿಗೊಂದು ಲೋಕ. ಬಸ್ಸಿನಲ್ಲಿ ಅಲ್ಲಾಡಿಸುತ್ತಾ ಕೂತರೆ ಪಕ್ಕದವರು ನೋಡುತ್ತಾರೆ, ಅದಕ್ಕೆ ತಯಾರಿರಿ.

ಉಳಿದವು

ಟೈಗರ್ ಕಂಪನಿಯ ಗಿಗಾ ಪೆಟ್ಸ್ 1997ರ ಅಮೆರಿಕದ್ದು. ನಾಯಿ ನಾಯಿಯಾಗಿಯೇ ಇರುತ್ತದೆ, ಬೆಕ್ಕು ಬೆಕ್ಕಾಗಿಯೇ. ಸಣ್ಣ ಮಗುವಿಗೆ ಇದು ಸುಲಭ, ಗುಟ್ಟು ಹುಡುಕುವವರಿಗೆ ಸಪ್ಪೆ.

ನಿಂಟೆಂಡೊ 1998ರಲ್ಲಿ ಬಿಟ್ಟ ಪಿಕಾಚು ಯಂತ್ರ ಹೆಜ್ಜೆ ಎಣಿಸುತ್ತದೆ, 20 ಹೆಜ್ಜೆಗೆ 1 ವಾಟ್, ಆ ವಾಟ್‌ಗಳನ್ನು ಪಿಕಾಚುಗೆ ಉಡುಗೊರೆ ಕೊಡಬೇಕು. ಸಾಯುವುದಿಲ್ಲ, ಮುನಿಸಿಕೊಳ್ಳುತ್ತದೆ ಅಷ್ಟೆ. ಬಣ್ಣದ ಎರಡನೆಯ ಮಾದರಿ ಇನ್‌ಫ್ರಾರೆಡ್ ಮೂಲಕ ಪೊಕೆಮಾನ್‌ನ ಗೋಲ್ಡ್, ಸಿಲ್ವರ್ ವಿಡಿಯೋ ಆಟಗಳಿಗೆ ಉಡುಗೊರೆ ಕಳಿಸುತ್ತಿತ್ತು.

ನ್ಯಾನೊ ಸಾಲಿನ ಪುಟಾಣಿಗಳು ಯಾವುದಾದರೂ ಸಿನಿಮಾ, ಕಾರ್ಟೂನಿನ ಹೆಸರಿನಲ್ಲಿ ಬರುತ್ತವೆ. 2021ರಲ್ಲಿ ಬಂದ, ಸ್ಟಾರ್ ವಾರ್ಸ್ ಸಿನಿಮಾದ ರೋಬೋ ಆರ್2-ಡಿ2ವನ್ನು ನೋಡಿಕೊಳ್ಳದಿದ್ದರೆ ಅದು ಸಾಯುವುದಿಲ್ಲ, ಆ ಸಿನಿಮಾದ ಗುಜರಿ ಕಳ್ಳರಾದ ಜಾವಾಗಳು ಬಂದು ಎತ್ತಿಕೊಂಡು ಹೋಗುತ್ತಾರೆ. ಇಂಥ ಒಂದು ತುಂಟತನಕ್ಕೆ ಕೊಳ್ಳಬಹುದು, ತಿಂಗಳುಗಟ್ಟಲೆ ಆಡಲು ಅಲ್ಲ.

ಈಗ ನಮ್ಮ ಊರಿನ ಆಟಿಕೆ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಲೀಸಾಗಿ ಸಿಗುವ "168 ಪ್ರಾಣಿ ಒಂದರಲ್ಲೇ" ಎಂಬ ಮೊಟ್ಟೆ. ಟಮಗಾಚಿ ಎಂಬ ಹೆಸರಿನಲ್ಲೇ ಮಾರುವವರೂ ಇದ್ದಾರೆ. ಅಸಲಿ ಆದರೆ ಹಿಂಬದಿಯಲ್ಲಿ ಬಂಡೈ ಎಂಬ ಮುದ್ರೆ ಇರುತ್ತದೆ, ಇದರಲ್ಲಿ ಇರುವುದಿಲ್ಲ. 168 ಎಂಬ ಅಂಕಿ ನೋಡಿ ಮರುಳಾಗಬೇಡಿ. ಪಟ್ಟಿಯಿಂದ ಒಂದು ಸಂಖ್ಯೆ ಆರಿಸಿದರೆ ಆ ಪ್ರಾಣಿಯ ಚಿತ್ರ ಬರುತ್ತದೆ, ನೀವು ಚೆನ್ನಾಗಿ ನೋಡಿಕೊಂಡರೂ ಕೆಟ್ಟದಾಗಿ ನೋಡಿಕೊಂಡರೂ ಅದು ಬೇರೆ ಇನ್ನೇನೂ ಆಗುವುದಿಲ್ಲ. 168 ಪ್ರಾಣಿಗಳಿಗಿಂತ ಪಿ1ರ ಆರು ರೂಪ ಮತ್ತು ಒಂದು ಗುಟ್ಟು ಜಾಸ್ತಿ. ಆದರೆ ಮಗು ನಿಜಕ್ಕೂ ದಿನಾ ಊಟ ಹಾಕುತ್ತದೋ ಇಲ್ಲವೋ ಎಂದು ತಿಳಿಯಲು, ಬಿದ್ದರೂ ಕಳೆದರೂ ಬೇಸರವಾಗದಂಥದ್ದು ಬೇಕೆಂದರೆ ಇದೇ ಸರಿ. ಮಗು ವಾರಗಟ್ಟಲೆ ಬಿಡದೆ ಸಾಕಿದರೆ ಆಗ ಅಸಲಿಗೆ ಖರ್ಚು ಮಾಡಿ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಕೊಳ್ಳುವ ದೊಡ್ಡವರು, ಗುಟ್ಟು ಇಷ್ಟಪಡುವವರು ಮರುಬಿಡುಗಡೆಯಾದ ಒರಿಜಿನಲ್ ಟಮಗಾಚಿ ಇಂಗ್ಲಿಷಿನದನ್ನು ತೆಗೆದುಕೊಳ್ಳಿ. ಓದಲು ಬರುವ ಮಗುವಿಗೆ, ಮನೆಯಲ್ಲಿ ವೈಫೈ ಇದ್ದರೆ ಯುನಿ. ಅಕ್ಕ ತಮ್ಮ ಇಬ್ಬರಿದ್ದರೆ ಕನೆಕ್ಷನ್ ಎರಡು ಅಥವಾ ಪ್ಯಾರಡೈಸ್ ಎರಡು ಬಣ್ಣ. ಒಬ್ಬನೇ ಕೂತು ಲೆಕ್ಕ ಹಾಕುತ್ತಾ ಆಡುವವನಿಗೆ ಡಿಜಿಮಾನ್ ಎಕ್ಸ್. ವಂಶ ಬೆಳೆಸುವ ಹುಚ್ಚಿದ್ದು ಕಾನಾ ಕಲಿಯಲು ತಯಾರಿದ್ದರೆ ಮಿಕ್ಸ್, ಕಲಿಯುವ ತಾಳ್ಮೆ ಇಲ್ಲದಿದ್ದರೆ ಆನ್.

ಅಮೆರಿಕ, ಜಪಾನಿನಿಂದ ಬರುವ ನೆಂಟರ ಕೈಲಿ ತರಿಸುವವರು ಮಾದರಿಯ ಪೂರ್ತಿ ಹೆಸರು ಮತ್ತು ಭಾಷೆ ಬರೆದು ಕಳಿಸಿ, "ಒಂದು ಟಮಗಾಚಿ ತಗೊಂಡು ಬನ್ನಿ" ಅಂದರೆ ಅಂಗಡಿಯಲ್ಲಿ ಮುಂದೆ ಇಟ್ಟಿದ್ದು ಬರುತ್ತದೆ. ಆನ್‌ಲೈನಿನಲ್ಲಿ ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ, ಅಗ್ಗ ಎನಿಸಿದ್ದು ಬಾಗಿಲಿಗೆ ಬರುವಷ್ಟರಲ್ಲಿ ಅಗ್ಗ ಇರುವುದಿಲ್ಲ. ಹಳೆಯದು ಕೊಳ್ಳುವುದಾದರೆ ಪರದೆಯ ಎಲ್ಲಾ ಚುಕ್ಕಿಗಳೂ ಉರಿಯುತ್ತವೆಯೇ, ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂದು ಹತ್ತಿರದ ಫೋಟೋ ಕೇಳಿ. ಸಿಆರ್2032 ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ, ಎಲ್‌ಆರ್44ಕ್ಕೆ ವಾಚ್ ರಿಪೇರಿಯವರನ್ನು ಕೇಳಿ. ಪಿ1, ಪಿ2 ಹಳೆಯವುಗಳಲ್ಲಿ ಬ್ಯಾಟರಿ ತೆಗೆದರೆ ಪ್ರಾಣಿ ಹೋಯಿತು, ಮೊಟ್ಟೆಯಿಂದ ಮತ್ತೆ ಶುರು. ಆದ್ದರಿಂದ ಮಾಸ್ಕುಚ್ಚಿ ಬಂದು ಓಯಾಜಿಚ್ಚಿಗೆ ಕಾಯುತ್ತಿರುವಾಗ ಪರದೆ ಮಸುಕಾಗಿದೆ ಅನ್ನಿಸಿದರೂ ಕೈ ಹಾಕಬೇಡಿ, ಹೊಸ ಬ್ಯಾಟರಿಯನ್ನು ಮುಂದಿನ ಮೊಟ್ಟೆಗೆ ಹಾಕಿದರಾಯಿತು.